ಪುಟ ನೂರಾ ಹದಿನೇಳು

ಮಲ್ಲಿನಾಥನ ಫೋನು ಬಂದಾಗ ಸೈಫುದ್ದೀನ ಗಲ್ಲಕ್ಕೆ ಸಾಬೂನಿನ ನೊರೆ ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದ. “ಸರ, ನಿಮ್ಮ ಮುದುಕಿನ್ನ ಸ್ಟೇಜಿಗಿ ಕರ್ಯಾವ್ರ ಅದೇವಿ. ಫಲಾನುಭವಿಗಳಿಗಿ ಸನ್ಮಾನ ಅಂತ ಕಾರ್ಯಕ್ರಮದಾಗ ಹಾಕೇವಿ. ಹತ್ತರ ತಿಕೋಟಾ ಬಸ್ಸಿಗಿ ಬರತಾಳಂತ, ನೀವ ಸ್ಟ್ಯಾಂಡಿಗಿ ಹೋಗಿ ಕರಕೊಂಡ ಬಂದಬಿಡ್ರಿ” ಎಂದ. ಇಪ್ಪತ್ತು ವರ್ಷದ ಹಿಂದೆ ಬಬಲೇಶ್ವರದಿಂದ ಬಂದು ಅವನ ಕ್ಲಾಸಿನ ಕೊನೆಯ ಬೆಂಚಿನಲ್ಲಿ ತೂಕಡಿಸುತ್ತಿದ್ದ ಹುಡುಗ ಈಗ ಅಭಿನಂದನ ಸಮಿತಿಯ ಮುಂದಾಳಾಗಿ ಅವನಿಗೇ ಕೆಲಸ ಹೇಳುತ್ತಾನೆ. ಸೈಫುದ್ದೀನನಿಗೆ ಸಿಟ್ಟು ಬರಬೇಕಿತ್ತು; ಬಂದದ್ದು ಹೆದರಿಕೆ. “ಯಾವ ಮುದುಕಿ?” ಎಂದು ಗೊತ್ತಿದ್ದೂ ಕೇಳಿದ. “ಪರಸವ್ವರೀ. ಪುಸ್ತಕದಾಗ ನೂರಾ ಹದಿನೇಳನೇ ಪುಟಾ. ನೀವs ಬರದೀರಿ, ನೀವs ಮರತರ ಹೆಂಗ?” ಎಂದು ಮಲ್ಲಿನಾಥ ನಕ್ಕು ಫೋನಿಟ್ಟ. ನೊರೆ ಒಣಗಿ ಗಲ್ಲ ಬಿಗಿಯತೊಡಗಿತು. ಮತ್ತೊಮ್ಮೆ ನೀರು ಹಚ್ಚಿಕೊಳ್ಳುವ ಮನಸ್ಸಾಗದೆ ಹಾಗೆಯೇ ಕೆರೆದುಕೊಂಡ.

ಪುಸ್ತಕವೆಂದರೆ ಅಣ್ಣಾಸಾಹೇಬರ ಅಭಿನಂದನ ಗ್ರಂಥ. ಗಣರಾಜ್ಯ ಹುಟ್ಟಿದ ವರ್ಷವೇ ಹುಟ್ಟಿದ ಅಣ್ಣಾಸಾಹೇಬರಿಗೆ ಈಚೆಗೆ ಎಪ್ಪತ್ತೈದು ತುಂಬಿತ್ತು. ಒಂದು ಕಾಲಕ್ಕೆ ಸುತ್ತಲಿನ ಹಳ್ಳಿಗಳಲ್ಲಿ ಅವರ ಮಾತಿಲ್ಲದೆ ಕೊಳವೆ ಬಾವಿಯೂ ಬೀಳುತ್ತಿರಲಿಲ್ಲ. ಈಗ ಅವರಿಗೆ ಕುರ್ಚಿ ಇಲ್ಲ. ಆದರೆ ಅವರು ಒಳಗೆ ಬಂದರೆ ಉಳಿದವರು ಕುರ್ಚಿ ಬಿಟ್ಟು ಏಳುತ್ತಾರೆ. ಸೈಫುದ್ದೀನ ರಾಜ್ಯಶಾಸ್ತ್ರ ಕಲಿಸುವ ಕಾಲೇಜು ಅವರ ಸಂಸ್ಥೆಯದು. ನಾಲ್ಕು ವರ್ಷದಿಂದ ಅವನು ಅಲ್ಲಿ ಪ್ರಭಾರ ಪ್ರಾಚಾರ್ಯ, ನಿವೃತ್ತಿಗೆ ಉಳಿದಿರುವುದು ಹತ್ತು ತಿಂಗಳು. ಬಾಗಿಲ ಮೇಲಿನ ಹಲಗೆಯಲ್ಲಿ ‘ಪ್ರಭಾರ’ ಎಂಬ ಪದ ಅವನ ಹೆಸರಿಗಿಂತ ದೊಡ್ಡದಾಗಿ ಕಾಣುತ್ತದೆಂದು ಅವನಿಗೆ ಎಷ್ಟೋ ಸಲ ಅನ್ನಿಸಿದೆ. ಆ ಪದ ಹೋಗಬೇಕಾದರೆ ಅಣ್ಣಾಸಾಹೇಬರು ಒಂದು ಸಹಿ ಮಾಡಿದರೆ ಸಾಕು. ಇದನ್ನೆಲ್ಲ ಅವನು ತನ್ನ ಪರವಾಗಿ ವಾದ ಹೂಡಲೆಂದು ನೆನೆಯುತ್ತಾನೆ, ಆದರೆ ವಾದ ನಿಲ್ಲುವುದಿಲ್ಲ. ಪರಸವ್ವನ ಮಾತನ್ನು ಬದಲಿಸು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಮಲ್ಲಿನಾಥ ಹಸ್ತಪ್ರತಿಯ ತೂಕ ನೋಡಿ ‘ಛಲೋ ದಪ್ಪ ಆಗ್ಯದ’ ಅಂದಿದ್ದನೇ ಹೊರತು ಒಂದು ಸಾಲೂ ಓದಿರಲಿಲ್ಲ. ಅಣ್ಣಾಸಾಹೇಬರಂತೂ ‘ನನ್ನ ಬಗ್ಗೆ ಏನ್ ಬರೀತೀರಿ ಬಿಡ್ರಿ ಸರ’ ಎಂದು ಸಂಕೋಚಪಟ್ಟಿದ್ದರು. ಯಾರೂ ಕೇಳದಿರುವಾಗ, ಯಾರೂ ಗದರದಿರುವಾಗ, ತನ್ನ ಮನೆಯ ಟೇಬಲ್ಲಿನ ಮೇಲೆ, ಹಗಲು ಹೊತ್ತಿನಲ್ಲಿ ಅವನು ಆ ಕೆಲಸ ಮಾಡಿದ್ದ.

ಮೂರು ತಿಂಗಳ ಹಿಂದೆ ಪರಸವ್ವನ ಮೊಮ್ಮಗಳು, ಮೂರನೆಯ ವರ್ಷದ ಬಿ.ಎ. ಓದುವ ಸಂಘಮಿತ್ರಾ ತಾನಾಗಿಯೇ ಬಂದು ಕರೆದಿದ್ದಳು. “ನಮ್ಮ ಆಯಿನ್ನ ಮಾತಾಡಸ್ರಿ ಸರ್. ನಮ್ಮ ಓಣಿಗಿ ಮನಿ ಮಂಜೂರ ಮಾಡಿಸಿದವ್ರು ಅಣ್ಣಾಸಾಹೇಬ್ರು.” ಅವರದು ತಿಕೋಟಾದಿಂದ ಘೋಣಸಗಿಯ ಕಡೆ ಹೊರಟರೆ ನಡುವೆ ಸಿಗುವ ಊರು. ಎರಡೂ ಕಡೆ ದ್ರಾಕ್ಷಿ ತೋಟ, ನಡುನಡುವೆ ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಹಸಿರು ಪರದೆಯ ಶೆಡ್ಡುಗಳು. ಮನೆಯೊಳಗೆ ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಫೋಟೊ. ಇದ್ದ ಒಂದೇ ಕುರ್ಚಿಯನ್ನು ಪರಸವ್ವ ಸೆರಗಿನಿಂದ ಒರೆಸಿ ಕೊಟ್ಟು ತಾನು ಮೊಮ್ಮಗಳ ಜೊತೆ ಹೊಸ್ತಿಲ ಹತ್ತಿರ ಕೂತಳು. ಅವಳ ಮಾತಿನಲ್ಲಿ ಸುತ್ತುಬಳಸು ಇರಲಿಲ್ಲ. “ಮನಿ ಕೊಟ್ಟಾರರಿ, ಸುಳ್ಳ ಯಾಕ ಹೇಳ್ಲಿ. ಸೋರೂದಿಲ್ಲ. ಅಷ್ಟ ಬರಕೋರಿ. ಇನ್ನೊಂದೈತಿ, ಅದೂ ಬರಕೋರಿ. ನಮ್ಮ ಮಂದಿ ಮಣ್ಣ ಮಾಡೂ ಜಾಗಾಕ ಹಾದಿ ಇತ್ತು. ಅಣ್ಣಾಸಾಹೇಬ್ರ ಬೀಗರು ತ್ವಾಟಕ್ಕ ತಂತಿ ಬೇಲಿ ಹಾಕಿ ಹಾದಿ ಕಟ್ಟ್ಯಾರ. ಈಗ ಹಳ್ಳಾ ದಾಟಿ ಹೋಗಬೇಕ್ರಿ. ನಮ್ಮ ಯಜಮಾನ ಬಾಬು ತೀರಿದಾಗ ಶ್ರಾವಣ, ಹಳ್ಳ ಬಂದಿತ್ತು. ನಡಮಟ ನೀರಾಗ ಹೊತ್ತಕೊಂಡ ಹ್ವಾದರ. ಒಬ್ಬಂದು ಕಾಲ ಜಾರಿ ಹೆಣ ನೀರಾಗ ಬಿತ್ತು. ಅದಕ್ಕ ನಾ ಅಳಲಿಲ್ರಿ. ಎತ್ತೂ ಮುಂದ ಒಬ್ಬಾಂವ ಅಂದ, ಬಾಬು ಭಾಳ ಭಾರ ಆಗ್ಯಾನ ಅಂತ. ಅದಕ್ಕ ಅತ್ತೆ. ಅಂವ ಭಾರ ಇರಲಿಲ್ರಿ ಮಾಸ್ತರ್ರ, ಒಣಾ ಕಟಗಿ ಇದ್ದಂಗ ಇದ್ದ. ನೀರ ಕುಡದು ಭಾರ ಆಗಿದ್ದ.” ಅವನ ವಹಿಯ ಕಡೆ ಬೆರಳು ತೋರಿಸಿ, “ಬೇಲಿ ತಗೀರಿ ಅನ್ನೂದಿಲ್ಲ. ಬೇಲಿಗಿ ಒಂದ ಗೇಟ ಇಡ್ರಿ ಅಂತ ಬರೀರಿ. ನಾಕ ಮಂದಿ ಹೊತ್ತಕೊಂಡ ಹೋಗೂವಷ್ಟ ಅಗಲ ಇದ್ರ ಸಾಕು. ನನ್ನ ಪಾಳಿ ಬರೂದರಾಗ ಆದ್ರ ಛಲೋ” ಎಂದಿದ್ದಳು. ಅವನು ಎಲ್ಲವನ್ನೂ ವಹಿಯಲ್ಲಿ ಬರೆದುಕೊಂಡಿದ್ದ. ಆ ವಹಿ ಈಗಲೂ ಮನೆಯಲ್ಲಿದೆ.

ಬರೆಯಲು ಕೂತಾಗ ಮೊದಲು ತೋರಿದ್ದು ಅಭಿನಂದನ ಗ್ರಂಥದಲ್ಲಿ ಹೆಣ ಬರಬಾರದು ಎಂಬುದು. ಅದು ಔಚಿತ್ಯದ ಪ್ರಶ್ನೆ ಎಂದುಕೊಂಡ. ಹೆಣ ತೆಗೆದ ಮೇಲೆ ಹಳ್ಳಕ್ಕೆ ಅರ್ಥ ಉಳಿಯಲಿಲ್ಲ, ಹಳ್ಳ ಹೋದ ಮೇಲೆ ಬೇಲಿಯೂ ಹೋಯಿತು, ಬೇಲಿಯಿಲ್ಲದ ಕಡೆ ಗೇಟು ಯಾಕೆ? ಬೀಗರ ಹೆಸರು ಮನಸ್ಸಿಗೆ ಬಂದದ್ದು ಆಮೇಲೆ ಎಂದು ಅವನು ಬಹಳ ದಿನ ನಂಬಿದ್ದ. ಉಳಿದದ್ದು ಮನೆ ಸೋರುವುದಿಲ್ಲ ಎಂಬ ಒಂದೇ ಮಾತು, ಪುಟ ತುಂಬಬೇಕಲ್ಲ. ಲೇಖನಿ ಸರಾಗವಾಗಿ ಓಡಿತು, ತನ್ನ ಕೈಗೆ ಇಂಥದ್ದು ಇಷ್ಟು ಸಲೀಸು ಎಂಬುದು ಅವನಿಗೆ ಆವತ್ತೇ ಗೊತ್ತಾದದ್ದು. ಮುಗಿದ ಮೇಲೆ ಚಹಾ ಕುಡಿದ. ಚಹಾ ರುಚಿಯಾಗಿಯೇ ಇತ್ತು.

ಹೆಂಡತಿ ಜುಲೇಖಾ ಇಸ್ತ್ರಿ ಮಾಡಿದ ಕರಿ ಕೋಟನ್ನು ತಂದು ಮಂಚದ ಮೇಲಿಟ್ಟು, ಆಮಂತ್ರಣ ಪತ್ರಿಕೆಯಲ್ಲಿ ನಿಮ್ಮ ಹೆಸರೆಲ್ಲಿ ಎಂದು ಕೇಳಿದಳು. ಅವನು ಬೆರಳಿಟ್ಟು ತೋರಿಸಿದ: ಕೊನೆಯಿಂದ ಎರಡನೆಯ ಸಾಲು, ಒಂಬತ್ತು ಜನರ ನಡುವೆ. ಪ್ರಧಾನ ಸಂಪಾದಕರ ಜಾಗದಲ್ಲಿ ಮಲ್ಲಿನಾಥನ ಹೆಸರಿತ್ತು. ಮೂವತ್ತು ವರ್ಷ ಕಲಿಸಿದವರ ಹೆಸರು ಕೊನೆಗೆ ಹಾಕುತ್ತಾರೆಯೇ ಎಂದು ಅವಳು ಉರ್ದುವಿನಲ್ಲಿ ಗೊಣಗಿದಳು, ಅವನ ಬದಲು ತಾನು ಅವಮಾನಪಡುತ್ತ. ಅವನಿಗೆ ಒಳಗೊಳಗೇ ಸಮಾಧಾನವಾಯಿತು. ಹೆಸರು ಸಣ್ಣದಿದ್ದಷ್ಟೂ ಒಳ್ಳೆಯದು. ಮೂವತ್ತು ವರ್ಷದಿಂದ ಅವನು ಕಲಿಸುತ್ತಿರುವುದು ಹೊಸದಾಗಿ ಸ್ವತಂತ್ರವಾದ ದೇಶಗಳ ನಾಯಕತ್ವದ ಕುರಿತು. ಆ ಪಾಠವೆಂದರೆ ಅವನಿಗೆ ಹುಮ್ಮಸ್ಸು. ಸೆರೆಮನೆಯಿಂದ ಹೊರಗೆ ಬಂದು ಗದ್ದುಗೆ ಹತ್ತಿದವರು, ಹತ್ತಿದ ಮೇಲೆ ಇಳಿಯಲು ಮರೆತವರು, ಬಿಳಿಯರು ಬಿಟ್ಟುಹೋದ ಬಂಗಲೆಯನ್ನೂ ಅದರ ಬಾಗಿಲ ಜವಾನನನ್ನೂ ಹಾಗೆಯೇ ಇಟ್ಟುಕೊಂಡವರು. “ಬರ್ಕೊಳ್ರಿ” ಎನ್ನುತ್ತಾನೆ, “ನಾಯಕನು ಕೆಡುವುದಕ್ಕೆ ಮೊದಲು ಅವನ ಸುತ್ತಲಿನ ಓದಿದವರು ಕೆಡುತ್ತಾರೆ. ಆಳುವವನ ಕಿವಿಗೂ ಆಳಿಸಿಕೊಳ್ಳುವವನ ಬಾಯಿಗೂ ನಡುವೆ ಅವರು ಕೂತಿರುತ್ತಾರೆ.” ಐವತ್ತು ಪೆನ್ನುಗಳು ಓಡುತ್ತವೆ. ಕಳೆದ ವರ್ಷ ಸಂಘಮಿತ್ರಾ ಪೆನ್ನು ಎತ್ತಿ ಹಿಡಿದು ಕೇಳಿದ್ದಳು, “ಓದಿದವ್ರು ಯಾಕ ಕೆಡತಾರ್ರಿ ಸರ್?” ಅವನು “ಅದು ಪರೀಕ್ಷಾಕ್ಕ ಬರೂದಿಲ್ಲವಾ” ಅಂದಿದ್ದ. ಕ್ಲಾಸು ನಕ್ಕಿತ್ತು, ಅವನೂ ನಕ್ಕಿದ್ದ. ಕೋಟಿನ ಗುಂಡಿ ಹಾಕಿಕೊಳ್ಳುತ್ತ ಅವನಿಗೆ ಆ ನಗೆ ನೆನಪಾಗಿ ಕಿವಿ ಬಿಸಿಯಾಯಿತು. ಯಾಕೆ ಹೀಗೆ ಕೆಂಪಾಗಿದ್ದೀರಿ, ಬಿ.ಪಿ. ಮಾತ್ರೆ ತಗೊಂಡಿರಾ ಎಂದು ಜುಲೇಖಾ ವಿಚಾರಿಸಿದಳು.

ಬಸ್ಸಿನಿಂದ ಪರಸವ್ವ ಇಳಿದದ್ದು ಬಿಳಿ ಸೀರೆಯಲ್ಲಿ. ಬುದ್ಧ ಪೂರ್ಣಿಮೆಗೆ ಉಡುವ ಸೀರೆಯೆಂದು ಸಂಘಮಿತ್ರಾ ಹೇಳಿದಳು. ಆಯಿ ಹಟ ಮಾಡಿ ಉಟ್ಟಳಂತೆ. ಮುದುಕಿ ಚೀಲದಿಂದ ಒಂದು ಪೊಟ್ಟಣ ತೆಗೆದು ಅವನ ಕೈಗೆ ಹಾಕಿದಳು. “ನಾ ಹಸನ ಮಾಡೂ ಶೆಡ್ಡಿನ ಮಣೂಕರಿ. ಬಾಯಾಗ ಹಾಕ್ಕೋರಿ.” ಬೇಡವೆನ್ನಲು ಬರಲಿಲ್ಲ. ಆಟೋದಲ್ಲಿ ಅವನು ಡ್ರೈವರನ ಪಕ್ಕ ಅರ್ಧ ಅಂಡಿನ ಮೇಲೆ ಕೂತ, ಹಿಂದೆ ಅವರಿಬ್ಬರು. ಸಾರವಾಡದ ಬಸ್ಸೊಂದು ಅಡ್ಡ ಬಂದು ಆಟೋ ನಿಂತಾಗ ಪರಸವ್ವ ಮುಂದಕ್ಕೆ ಬಾಗಿ ಅವನ ಭುಜ ಮುಟ್ಟಿದಳು.

“ಮಾಸ್ತರ್ರ, ನಾ ಹೇಳಿದ್ದೆಲ್ಲಾ ಹಾಕೀರಿ ಹೌದಿಲ್ರಿ?”

ಆಗಲೇ ಹೇಳಬಹುದಿತ್ತು. ಅವ್ವಾ, ತಪ್ಪು ಮಾಡಿದ್ದೇನೆ, ಹಾಕಿಲ್ಲ ಅಂದಿದ್ದರೆ ಮುಗಿದುಹೋಗುತ್ತಿತ್ತು. ಆಕೆ ಬೈಯುವ ಹೆಂಗಸಲ್ಲ. ಹೆಚ್ಚೆಂದರೆ ಅದೇ ಆಟೋದಲ್ಲಿ ವಾಪಸು ಹೋಗುತ್ತಿದ್ದಳು. ಆದರೆ ಹಿಂದೆ ಸಂಘಮಿತ್ರಾ ಇದ್ದಳು. ಮೂರು ವರ್ಷದಿಂದ ತನ್ನ ಒಂದೊಂದು ಮಾತನ್ನೂ ಬರೆದುಕೊಂಡ ಹುಡುಗಿಯ ಎದುರಿಗೆ ಬಾಯಿ ಬಿಡಲು ಅವನಿಗೆ ಧೈರ್ಯವಾಗಲಿಲ್ಲ.

“ಹಾಕೇನವ್ವಾ.”

“ಗೇಟಿಂದೂ?”

“ಎಲ್ಲಾ ಹಾಕೇನಿ.” ಬಾಯಲ್ಲಿ ಆಕೆ ಕೊಟ್ಟ ಮಣೂಕವಿತ್ತು. ಅಗಿದು ನುಂಗಿದ.

“ನೋಡ್ದ್ಯಾ? ನಾ ಹೇಳಿಲ್ಲ?” ಎಂದು ಮುದುಕಿ ಮೊಮ್ಮಗಳ ಕಡೆ ತಿರುಗಿದಳು. “ಇಕಿ ಅಂತಿದ್ಲರಿ, ಅಂಥಾದ್ದು ಇಂಥಾ ಪುಸ್ತಕದಾಗ ಹಾಕೂದಿಲ್ಲ ಆಯಿ ಅಂತ. ನಮ್ಮ ಮಾಸ್ತರ್ರು ಹಾಕತಾರಳ ಅಂದೆ.” ಸಂಘಮಿತ್ರಾ ನಾಚಿಕೊಂಡು, “ಸಾರಿ ಸರ್” ಅಂದಳು. ಅವಳು ಅವನ ಬಳಿ ಕ್ಷಮೆ ಕೇಳುತ್ತಿದ್ದಳು. ಬಾರಾ ಕಮಾನಿನ ಹತ್ತಿರ ಆಟೋ ತಿರುಗಿತು. ಇಲ್ಲೇ ಇಳಿದು ಜನರ ನಡುವೆ ಎಲ್ಲಿಯಾದರೂ ಹೋಗಿಬಿಡಬೇಕೆಂದು ಅವನಿಗೆ ಅನ್ನಿಸಿತು. ಐವತ್ತೊಂಬತ್ತು ವರ್ಷದ, ಕರಿ ಕೋಟಿನ ಮನುಷ್ಯನಿಗೆ ಹಾಗೆಲ್ಲ ಓಡಲಾಗುವುದಿಲ್ಲ.

ರಂಗಮಂದಿರದ ಬಾಗಿಲಿಗೆ ಬಾಳೆ ಕಟ್ಟಿದ್ದರು. ಅಜ್ಜಿ ಮೊಮ್ಮಗಳನ್ನು ಒಳಗೆ ಕೂರಿಸಿ ಅವನು ಮಲ್ಲಿನಾಥನನ್ನು ಬದಿಗೆ ಕರೆದ. ಮುದುಕಿಗೆ ಮೈಯಲ್ಲಿ ಹುಷಾರಿಲ್ಲ, ಸ್ಟೇಜು ಹತ್ತುವುದು ಬೇಡ, ಶಾಲು ಕೆಳಗೇ ಕೊಟ್ಟರಾಯಿತು ಎಂದ. ಮಲ್ಲಿನಾಥ ಸಭೆಯ ಕಡೆ ಕತ್ತು ಚಾಚಿ ನೋಡಿ, “ಗಟ್ಟಿ ಅದಾಳಲ್ರಿ, ಎಂಥಾ ಬೆಳ್ಳನ್ನ ಸೀರಿ, ಫೋಟೊದಾಗ ಛಲೋ ಕಾಣತಾಳ. ನೀವ ಕಾಳಜಿ ಬಿಡ್ರಿ” ಎಂದು ಬೆನ್ನು ತಟ್ಟಿದ. ಶಿಷ್ಯನಿಂದ ಬೆನ್ನು ತಟ್ಟಿಸಿಕೊಂಡು ಸೈಫುದ್ದೀನ ತಲೆಯಾಡಿಸಿದ. ಇನ್ನುಳಿದ ದಾರಿ ಒಂದೇ. ಅಣ್ಣಾಸಾಹೇಬರಿಗೆ ಈಗಲೇ ಕಿವಿಯಲ್ಲಿ ಹೇಳಿಬಿಡಬೇಕು: ಸಾಹೇಬರೇ, ನಿಮ್ಮ ಬೀಗರ ಬೇಲಿಗೆ ಒಂದು ಗೇಟು ಬೇಕು. ಅವರು ಹೂಂ ಅಂದರೆ ಪುಸ್ತಕದಲ್ಲಿ ಇಲ್ಲದ್ದೂ ಇದ್ದಂತೆಯೇ. ಅವರೇನು ಕೆಟ್ಟವರೇ? ಮನೆ ಕೊಡಿಸಿದವರು ಗೇಟು ಕೊಡಿಸಲಾರರೇ? ಈ ಯೋಚನೆಯಿಂದ ಅವನ ಹೆಜ್ಜೆ ಹಗುರಾಯಿತು. ಸ್ಟೇಜಿನ ಹಿಂದಿನ ಕೋಣೆಯಲ್ಲಿ ಅಣ್ಣಾಸಾಹೇಬರು ಸೋಫಾದಲ್ಲಿ ಕೂತಿದ್ದರು, ಪಕ್ಕದಲ್ಲಿ ಬೀಗರು. ಬಾಗಿಲ ಹೊರಗೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಬಿಚ್ಚಿ ಎಂದು ಯಾರೂ ಅನ್ನಲಿಲ್ಲ. ಸೈಫುದ್ದೀನ ಬೂಟು ಬಿಚ್ಚಿದ. ಕಾಲುಚೀಲದ ತೂತಿನಿಂದ ಹೆಬ್ಬೆರಳು ಹೊರಗೆ ಬಂದಿತ್ತು, ಅದನ್ನು ಮಡಚಿಕೊಂಡು ನಡೆದ.

“ಬರ್ರಿ ಬರ್ರಿ ಸರ” ಎಂದು ಅಣ್ಣಾಸಾಹೇಬರು ಎರಡೂ ಕೈ ಹಿಡಿದುಕೊಂಡರು. ಅವರ ಅಂಗೈ ಮೆತ್ತಗೆ, ಬೆಚ್ಚಗೆ ಇತ್ತು. “ಎಲ್ಲಾ ನೀವ ಮಾಡೀರಿ ಅಂತ ಗೊತ್ತೈತಿ ನನಗ. ಹೆಸರು ಹಿಂದ ಮುಂದ ಆಗ್ಯದ, ಮನಸಿನ್ಯಾಗ ಇಟಗೋಬ್ಯಾಡ್ರಿ. ನಿಮ್ಮ ವಿಚಾರ ನನ್ನ ತಲಿಯಾಗ ಐತಿ. ಬರೂ ಮೀಟಿಂಗಿನ್ಯಾಗ ಮುಗಿಸೂಣಂತ.” ಸೈಫುದ್ದೀನ ಬಾಗಿದ. ಕೃತಜ್ಞತೆಗೆಂದು ಬಾಗಿದ ಬೆನ್ನು ಮಾತಾಡಲೆಂದು ನೆಟ್ಟಗಾಗಲಿಲ್ಲ. ಏನೋ ಅಂದ, ಅದು “ನಿಮ್ಮ ಆಶೀರ್ವಾದರಿ” ಎಂದಿರಬೇಕು. ಹೊರಗೆ ಬಂದು ಬೂಟಿನಲ್ಲಿ ಕಾಲು ತೂರಿಸುವಾಗ ಅವನಿಗೆ ತನ್ನ ಮೇಲೆ ಎಷ್ಟು ಹೇಸಿಗೆ ಬಂತೆಂದರೆ ಬೂಟಿನ ಎಡ ಬಲ ತಿಳಿಯಲಿಲ್ಲ.

ಭಾಷಣಗಳಾದವು. ಪುಸ್ತಕದ ಮೇಲಿನ ಜರಿ ಕಾಗದ ಬಿಚ್ಚಿದರು. ಫಲಾನುಭವಿಗಳನ್ನು ಒಬ್ಬೊಬ್ಬರಾಗಿ ಕರೆದು ಶಾಲು ಹೊದಿಸಿ, ಒಂದೊಂದು ಪುಸ್ತಕ ಕೊಟ್ಟು, ಅಣ್ಣಾಸಾಹೇಬರ ಪಕ್ಕ ನಿಲ್ಲಿಸಿ ಫೋಟೊ ತೆಗೆದು ಇಳಿಸುತ್ತಿದ್ದರು. ಪರಸವ್ವ ಇಳಿಯಲಿಲ್ಲ. ಕೈಯಲ್ಲಿದ್ದ ಪುಸ್ತಕವನ್ನು ಎರಡೂ ಕೈಯಿಂದ ಅಣ್ಣಾಸಾಹೇಬರಿಗೇ ಒಡ್ಡಿದಳು.

“ಯಪ್ಪಾ, ನಂದೊಂದ ಮಾತ ಇದರಾಗ ಬರದಾರರಿ. ಓದಿಬಿಡ್ರಿ.”

ಮೈಕಿಗೆ ಅದು ಕೇಳಿಸಿ ಸಭೆ ನಕ್ಕಿತು. ಅಣ್ಣಾಸಾಹೇಬರೂ ಖುಷಿಯಾಗಿ ನಕ್ಕರು. “ಓದಬೇಕವ್ವಾ, ನಿನ್ನ ಮಾತ ಓದದs ಇರತೇನಿ? ಓದೂ ಚಾಳೀಸ ಕಾರಿನ್ಯಾಗ ಉಳದೈತಿ. ಏ ಸರ, ಬರ್ರಿ ಇಲ್ಲಿ. ನೀವs ಓದಿ ಹೇಳ್ರಿ.” ಸೈಫುದ್ದೀನ ಹಿಂದಿನ ಸಾಲಿನಿಂದ ಎದ್ದು ಬಂದ. ಪುಟ ಹುಡುಕಬೇಕಾದ ಅಗತ್ಯವಿರಲಿಲ್ಲ. ಪರಸವ್ವ ಶಾಲಿನೊಳಗಿಂದ ಕಿವಿ ಹೊರಗೆ ಮಾಡಿಕೊಂಡು ಅವನ ಪಕ್ಕಕ್ಕೆ ಸರಿದು ನಿಂತಳು.

“ಅಣ್ಣಾಸಾಹೇಬರು ನಮ್ಮ ಪಾಲಿನ ದೇವರು” ಎಂದು ಓದಿದ. ಚಪ್ಪಾಳೆ ಬಿತ್ತು. ಮನೆಯಲ್ಲಿ ಒಂದು ದೇವರನ್ನೂ ಇಟ್ಟುಕೊಳ್ಳದ ಹೆಂಗಸು, ಬಿಳಿ ಸೀರೆ ಉಟ್ಟು ಬಂದವಳು, ಅವನ ಬಾಯನ್ನೇ ನೋಡುತ್ತಿದ್ದಳು. “ಅವರು ಕೊಟ್ಟ ಸೂರಿನಡಿ ನಮ್ಮ ಬಾಳು ಬೆಳಗಿತು. ಬಡವರ ಕಣ್ಣೀರು ಒರೆಸಿದ ಆ ಕೈಗಳಿಗೆ ನನ್ನ ಸಾವಿರ ಶರಣು. ನಮ್ಮ ಮನೆ ಸೋರುವುದಿಲ್ಲ. ನಮಗೆ ಇನ್ನಾವ ಕೊರತೆಯೂ ಇಲ್ಲ.” ಕೊನೆಯ ವಾಕ್ಯವನ್ನು ತಾನು ಬರೆದಿದ್ದೇನೆಂಬುದು ಅವನಿಗೆ ಮರೆತೇ ಹೋಗಿತ್ತು. ಅದನ್ನು ತನ್ನದೇ ದನಿಯಲ್ಲಿ ಇಡೀ ರಂಗಮಂದಿರಕ್ಕೆ ಕೇಳುವಂತೆ ಓದಿ ನಿಲ್ಲಿಸಿದ. ಮತ್ತೆ ಚಪ್ಪಾಳೆ. ಪರಸವ್ವ ಚಪ್ಪಾಳೆ ಮುಗಿಯುವ ತನಕ ಕಾದಳು.

“ಹೂಂ, ಮುಂದ ಓದ್ರಿ ಮಾಸ್ತರ್ರ.”

ಅವನು ಪುಸ್ತಕವನ್ನು ಕಣ್ಣಿನ ಹತ್ತಿರಕ್ಕೆ ತಂದ.

“ಗೇಟಿಂದು ಉಳೀತಲ್ರಿ. ಯಾಕ, ಕಾಣವಲ್ದೇನ್ರಿ?”

“ಹೌದವ್ವಾ” ಎಂದ, ಸಿಕ್ಕಿದ್ದನ್ನು ಹಿಡಿದುಕೊಂಡು. “ಅಕ್ಷರ ಭಾಳ ಸಣ್ಣ ಅದಾವ.”

“ಅದಕ್ಕ್ಯಾಕ ಮಾರಿ ಸಣ್ಣ ಮಾಡತೀರಿ? ವಯಸ್ಸಾದ ಮ್ಯಾಲೆ ಎಲ್ಲಾರಿಗೂ ಹಂಗs” ಎಂದು ಮುದುಕಿ ಅವನ ತೋಳು ಸವರಿ, ಸಭೆಯ ಕಡೆ ತಿರುಗಿ ಗಟ್ಟಿಯಾಗಿ ಕೂಗಿದಳು. “ಸಂಘಮಿತ್ರಾ, ಬಾ ಬೇ ಇಲ್ಲಿ. ಸರಗ ಕಾಣವಲ್ದು, ನೀ ಓದ ಬಾ.”

ಸಂಘಮಿತ್ರಾ ಮೆಟ್ಟಿಲು ಹತ್ತಿ ಬಂದು ಅವನ ಕೈಯಿಂದ ಪುಸ್ತಕ ತೆಗೆದುಕೊಂಡಳು. ಅವಳ ಕಣ್ಣು ಪುಟದ ಮೇಲಿಂದ ಕೆಳಗೆ ಇಳಿಯಿತು. ಹತ್ತು ಸಾಲು, ಬಹಳ ಹೊತ್ತೇನೂ ಬೇಕಾಗಲಿಲ್ಲ. ಅವಳು ಪುಟ ತಿರುವಿದಳು. ಹಿಂದೆ ಅಣ್ಣಾಸಾಹೇಬರು ಹಾರ ಹಾಕಿಕೊಂಡು ನಿಂತ ಪುಟದಗಲದ ಬಣ್ಣದ ಫೋಟೊ. ಅವಳು ಸೈಫುದ್ದೀನನ ಮುಖ ನೋಡಿದಳು. ಆಮೇಲೆ ಆಯಿಯ ಮುಖ ನೋಡಿದಳು. ಆಮೇಲೆ ಆ ಫೋಟೊದ ಮೇಲೆ ಕಣ್ಣಿಟ್ಟು, ಸಾಲಿನಿಂದ ಸಾಲಿಗೆ ಬೆರಳು ಸರಿಸುತ್ತ, ಓದತೊಡಗಿದಳು.

“ನಮ್ಮ ಮಂದಿ ಮಣ್ಣ ಮಾಡೂ ಜಾಗಾಕ ಹಾದಿ ಇತ್ತು. ಅಣ್ಣಾಸಾಹೇಬ್ರ ಬೀಗರು ತ್ವಾಟಕ್ಕ ತಂತಿ ಬೇಲಿ ಹಾಕಿ ಹಾದಿ ಕಟ್ಟ್ಯಾರ...”

ಒಂದು ಮಾತೂ ಬಿಡಲಿಲ್ಲ. ಹಳ್ಳ, ಶ್ರಾವಣ, ಜಾರಿದ ಕಾಲು, ನೀರು ಕುಡಿದು ಭಾರವಾದ ಬಾಬು, ಎಲ್ಲ ಬಂತು. ಪರಸವ್ವ ಒಂದೊಂದಕ್ಕೂ ತಲೆಯಾಡಿಸುತ್ತಿದ್ದಳು, ಸರಿಯಾಗಿದೆ, ಸರಿಯಾಗಿದೆ ಎನ್ನುವಂತೆ. ಕುರ್ಚಿಗಳ ಕಿರುಗುಟ್ಟುವಿಕೆ ನಿಂತುಹೋಯಿತು. ಮುಂದಿನ ಸಾಲಿನಲ್ಲಿ ಬೀಗರು ಕಾಲ ಮೇಲಿನ ಕಾಲು ಇಳಿಸಿದರು. ಸೈಫುದ್ದೀನ ಅವಳ ಬೆರಳನ್ನು ನೋಡುತ್ತ ನಿಂತಿದ್ದ. ಹುಡುಗಿ ತನ್ನ ಮಾನ ಕಾಯುತ್ತಿದ್ದಾಳೆ, ಆಯಿಯ ಎದುರಿಗೆ ಮಾಸ್ತರ ಸುಳ್ಳುಗಾರನಾಗದಿರಲೆಂದು ಇಲ್ಲದ ಅಕ್ಷರಗಳನ್ನು ಓದುತ್ತಿದ್ದಾಳೆ ಎಂದು ಅವನಿಗೆ ತಿಳಿಯಿತು. ಅವಳು ಗೇಟಿನ ಮಾತು ಓದಿ, ನಾಲ್ಕು ಮಂದಿಯ ಅಗಲ ಓದಿ, ಪುಸ್ತಕ ಮುಚ್ಚಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಅಣ್ಣಾಸಾಹೇಬರು ನಗುವನ್ನು ಮುಖದ ಮೇಲೆ ಹಾಗೆಯೇ ಉಳಿಸಿಕೊಂಡು ಅವನ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಬರಿಯ ವಿಚಾರಣೆ ಇತ್ತು.

“ಇದನ್ನ ನೀವ ಬರದೀರೇನ್ರಿ, ಸರ?”

ಹೂಂ ಎಂದರೆ ಸಾಕಿತ್ತು. ಒಂದೇ ಅಕ್ಷರದಲ್ಲಿ ಮೂರು ತಿಂಗಳ ಕೊಳೆ ತೊಳೆದುಹೋಗುತ್ತಿತ್ತು, ಬಹುಶಃ ಒಂದು ಗೇಟೂ ಆಗುತ್ತಿತ್ತು. ಸಂಘಮಿತ್ರಾ ಅವನನ್ನೇ ನೋಡುತ್ತಿದ್ದಳು. ಕ್ಲಾಸಿನಲ್ಲಿ ಮುಂದಿನ ಸಾಲಿಗಾಗಿ ಕಾಯುವಾಗ ಹೇಗೆ ನೋಡುತ್ತಾಳೋ ಹಾಗೆ. “ಅವರs ಬರದಾರರಿ, ನನ್ನ ಮುಂದs ಬರಕೊಂಡಾರ” ಎಂದು ಪರಸವ್ವ ಹೆಮ್ಮೆಯಿಂದ ನಡುವೆ ಬಾಯಿ ಹಾಕಿದಳು. ಅಣ್ಣಾಸಾಹೇಬರು ಆಕೆಯ ಕಡೆ ನೋಡಲಿಲ್ಲ. ಅವನ ಉತ್ತರಕ್ಕೆ ಕಾದರು.

“ಇಲ್ರಿ ಸಾಹೇಬ್ರ” ಎಂದ ಸೈಫುದ್ದೀನ. “ನಾ ಬರದಿಲ್ರಿ.”

ಮುಂಜಾನೆಯಿಂದ ಅವನಾಡಿದ ಮಾತುಗಳಲ್ಲಿ ನಿಜವಾದದ್ದು ಅದೊಂದೇ. ಮೈಕು ಅದನ್ನು ಕೊನೆಯ ಸಾಲಿನವರೆಗೆ ಮುಟ್ಟಿಸಿತು. ಸಂಘಮಿತ್ರಾ ತಲೆ ತಗ್ಗಿಸಿದಳು. ಪರಸವ್ವ ಮೊಮ್ಮಗಳ ಕೈಯಲ್ಲಿದ್ದ ಪುಸ್ತಕವನ್ನು ನೋಡಿದಳು, ಅವನನ್ನು ನೋಡಿದಳು, ಹೆಗಲ ಮೇಲಿನ ಶಾಲು ಜಾರಿದ್ದು ಅವಳಿಗೆ ತಿಳಿಯಲಿಲ್ಲ.

“ಮತ್ತ ಯಾರ ಬರದಾರ್ರಿ, ಮಾಸ್ತರ್ರ?” ಎಂದು ಕೇಳಿದಳು.